‘ಆಮೇಲೆ ನೆನಪಿಸು’ ಎಂಬ ಗುಂಡಿ

ದಾಳಿಗೆ ತುತ್ತಾದ ಕಂಪ್ಯೂಟರ್ ನನ್ನ ಮೇಜಿಗೆ ಬಂದಾಗ ನಾನು ಮೊದಲು ಹುಡುಕುವುದು ವೈರಸ್ಸನ್ನಲ್ಲ, ತಾರೀಖುಗಳನ್ನು. ತಂತ್ರಾಂಶದ ದೋಷ ಬಯಲಾದದ್ದು ಯಾವಾಗ, ಅದಕ್ಕೆ ಅಪ್‌ಡೇಟ್ ಬಂದದ್ದು ಯಾವಾಗ, ಇವರು ಅದನ್ನು ಹಾಕಿಕೊಂಡದ್ದು ಯಾವಾಗ? ಮೂರನೆಯ ಪ್ರಶ್ನೆಗೆ ಹೆಚ್ಚಿನ ಸಲ ಉತ್ತರವೇ ಇರುವುದಿಲ್ಲ; ‘ಆಮೇಲೆ ನೆನಪಿಸು’ ಒತ್ತಿ ಸುಮ್ಮನಾಗಿರುತ್ತಾರೆ.

2017ರ ಮೇ 12ರಂದು ವಾನಾಕ್ರೈ ಎಂಬ ಸುಲಿಗೆ ತಂತ್ರಾಂಶ ಬ್ರಿಟನ್ನಿನ ಆಸ್ಪತ್ರೆಗಳ ಕಂಪ್ಯೂಟರುಗಳಿಗೆ ಬೀಗ ಜಡಿದು ಹಣ ಕೇಳಿತು. ಅದು ನುಸುಳಿದ ಕಿಂಡಿಯನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೊಸಾಫ್ಟ್ ಮಾರ್ಚ್ 14ರಂದೇ ಕೊಟ್ಟಿತ್ತು. ನಡುವೆ 59 ದಿನ. ಅಪ್‌ಡೇಟ್ ಹೊರಬಂದ ಮೇಲೆ ಅದನ್ನು ಹಾಕಿಕೊಳ್ಳದವರ ಅಪಾಯ ಇನ್ನೂ ಹೆಚ್ಚುತ್ತದೆ ಎಂಬುದು ಹಲವರಿಗೆ ಹೊಳೆಯುವುದಿಲ್ಲ. ಹಳೆಯದನ್ನೂ ಹೊಸದನ್ನೂ ಪಕ್ಕದಲ್ಲಿಟ್ಟು ಹೋಲಿಸಿದರೆ ಕಿಂಡಿ ಎಲ್ಲಿತ್ತೆಂದು ಕಳ್ಳನಿಗೂ ಗೊತ್ತಾಗುತ್ತದೆ.

ದೋಷವಿರುವ ಮನೆಬಳಕೆಯ ವಸ್ತುಗಳನ್ನು ಕಂಪನಿ ವಾಪಸು ಕರೆಸಿಕೊಳ್ಳುವಾಗಲೂ (ಇದಕ್ಕೆ ರೀಕಾಲ್ ಎನ್ನುತ್ತಾರೆ) ಕಥೆ ಇದೇ. ಅಲ್ಲಿ ಸೂಚನೆ ತಲುಪುವುದೇ ಕಷ್ಟ. ನೋಂದಣಿ ಮಾಡಿಸದೆ ಕೊಂಡವರ ವಿಳಾಸ ಕಂಪನಿಯ ಬಳಿ ಇರುವುದಿಲ್ಲ. ಒಬ್ಬರಿಂದ ಇನ್ನೊಬ್ಬರ ಕೈಗೆ ದಾಟಿದ ವಸ್ತುವಿನ ಬಗ್ಗೆ ಪತ್ರ ಹೋಗುವುದು ಮೊದಲ ಮಾಲೀಕರಿಗೆ. ಒಮ್ಮೆ ಬದಲಿಸಿಕೊಂಡೆವೆಂದು ನಿಶ್ಚಿಂತರಾಗುವಂತೆಯೂ ಇಲ್ಲ. 2016ರಲ್ಲಿ ಸ್ಯಾಮ್‌ಸಂಗ್ ಗ್ಯಾಲಕ್ಸಿ ನೋಟ್ 7 ಫೋನಿನ ಬ್ಯಾಟರಿ ಹೊತ್ತಿಕೊಳ್ಳುತ್ತದೆಂದು ಬದಲಿ ಫೋನು ಕೊಟ್ಟರು. ಅವುಗಳಲ್ಲಿಯೂ ಕೆಲವು ಹೊತ್ತಿಕೊಂಡವು. ಕೊನೆಗೆ ಆ ಮಾದರಿಯ ತಯಾರಿಕೆಯೇ ನಿಂತಿತು.

ಈಗ ತಂತ್ರಾಂಶ, ವಸ್ತು ಎಂಬ ಈ ಎರಡು ಲೋಕಗಳ ನಡುವಿನ ಗೋಡೆಯೂ ಬಿದ್ದಿದೆ. 2015ರಲ್ಲಿ ಇಬ್ಬರು ಸಂಶೋಧಕರು ಓಡುತ್ತಿದ್ದ ಜೀಪ್ ಚೆರೋಕಿ ಕಾರನ್ನು ದೂರದಿಂದಲೇ ಹತೋಟಿಗೆ ತೆಗೆದುಕೊಂಡು ತೋರಿಸಿದಾಗ ಅದರ ತಯಾರಕ ಕಂಪನಿ ಫಿಯಟ್ ಕ್ರೈಸ್ಲರ್ ಅಮೆರಿಕದಲ್ಲಿ 14 ಲಕ್ಷ ವಾಹನಗಳಿಗೆ ರೀಕಾಲ್ ಘೋಷಿಸಿತು. ಸರಿಪಡಿಸುವ ತಂತ್ರಾಂಶವನ್ನು ಯುಎಸ್‌ಬಿ ಡ್ರೈವಿಗೆ ತುಂಬಿ ಅಂಚೆಯಲ್ಲಿ ಕಳಿಸಿತು. ಅಂಚೆಯಲ್ಲಿ ಬಂದ ಯುಎಸ್‌ಬಿಯನ್ನು ಯಾವುದಕ್ಕೂ ಸಿಕ್ಕಿಸಬೇಡಿ ಎಂದು ವರ್ಷಗಟ್ಟಲೆ ಹೇಳಿಕೊಂಡು ಬಂದ ನಮ್ಮಂಥವರು ತಲೆ ಚಚ್ಚಿಕೊಂಡೆವು.

ಏಕೆಂದರೆ ಮೋಸಗಾರರು ಅನುಕರಿಸುವುದು ಇಂಥ ಸೂಚನೆಗಳನ್ನೇ. ‘ನಿಮ್ಮ ಕಂಪ್ಯೂಟರಿನಲ್ಲಿ ವೈರಸ್ ಇದೆ, ಈ ಸಂಖ್ಯೆಗೆ ಕರೆ ಮಾಡಿ’ ಎಂದು ಪರದೆ ತುಂಬ ಕೆಂಪಗೆ ಮಿನುಗಿದರೆ ಅದು ಸುಳ್ಳು. ಮೈಕ್ರೊಸಾಫ್ಟಿನ ಅಸಲಿ ಎಚ್ಚರಿಕೆಯಲ್ಲಿ ಫೋನ್ ಸಂಖ್ಯೆ ಇರುವುದಿಲ್ಲ. ಹಣ ಮರಳಿಸುತ್ತೇವೆಂದು ಒಟಿಪಿ ಕೇಳುವ ರೀಕಾಲ್ ಸಂದೇಶವೂ ಅಷ್ಟೇ. ಬಂದ ಕೊಂಡಿಯನ್ನು ಒತ್ತದೆ, ತಯಾರಕರ ಜಾಲತಾಣದ ವಿಳಾಸವನ್ನು ನೀವೇ ಟೈಪು ಮಾಡಿ ನೋಡಿ.

ಹಾಗೆ ನೋಡಲು ಮಾದರಿ ಸಂಖ್ಯೆ ಬೇಕು. ವಸ್ತುವನ್ನು ಗೋಡೆಗೆ ಒರಗಿಸಿ ಇಡುವ ಮೊದಲೇ ಅದರ ಬೆನ್ನಿನ ಚೀಟಿಯ ಫೋಟೊ ತೆಗೆದಿಟ್ಟುಕೊಳ್ಳಿ. ವೈಫೈ ರೂಟರಿನದ್ದನ್ನಂತೂ ಮರೆಯಬೇಡಿ. ತಯಾರಕರು ಅಪ್‌ಡೇಟ್ ಕೊಡುವುದನ್ನೇ ನಿಲ್ಲಿಸಿದ ರೂಟರ್ ನನ್ನ ಮನೆಯಲ್ಲಿಯೇ ಎರಡು ವರ್ಷ ಹಸಿರು ದೀಪ ಮಿನುಗಿಸುತ್ತ ಕೂತಿತ್ತು. ಊರಿಗೆಲ್ಲ ಬುದ್ಧಿ ಹೇಳುವ ನನಗೆ ಅದು ಕಾಣಿಸಿರಲಿಲ್ಲ.

ತಯಾರಕರ ರೀಕಾಲ್ ಪಟ್ಟಿಯಲ್ಲಿ ನಿಮ್ಮ ಪವರ್ ಬ್ಯಾಂಕ್ ಸಿಕ್ಕರೆ, ಚೆನ್ನಾಗಿಯೇ ಇದೆಯಲ್ಲ ಎಂದು ಇನ್ನೊಂದು ಸಲ ಚಾರ್ಜ್ ಮಾಡಬೇಡಿ, ಯಾರಿಗೂ ಕೊಡಬೇಡಿ, ಕಸದ ಬುಟ್ಟಿಗೂ ಎಸೆಯಬೇಡಿ. ಬೆಂಕಿ ತಗಲುವಂಥದ್ದರಿಂದ ದೂರವಿಟ್ಟು, ಹೇಗೆ ಒಪ್ಪಿಸಬೇಕೆಂದು ತಯಾರಕರನ್ನು ಕೇಳಿ.