ಗದ್ದುಗೆಯಿಂದ ತಾಜ್‌ವರೆಗೆ: ಆಗ್ರಾವನ್ನು ಓದುವ ಕ್ರಮ

ಕಳೆದ ಭಾನುವಾರ ಮಡಿಕೇರಿಯ ಗದ್ದುಗೆಯ (ಕೊಡಗಿನ ಅರಸರ ಸಮಾಧಿಯ) ಎದುರಿನ ಹುಲ್ಲಿನ ಮೇಲೆ ಕೂತು ಮೊಘಲ್ ಪಾಠ ಓದುತ್ತಿದ್ದಾಗ ನಮ್ಮ ಗುಂಪಿನ ಕಿರಿಯಳೊಬ್ಬಳು ಕೇಳಿದಳು: "ಅಕ್ಕಾ, ಹೊರಗಿಂದ ನೋಡಿದ್ರೆ ಗುಮ್ಮಟ, ಮೂಲೆಗೊಂದು ಮಿನಾರು. ಒಳಗೆ ಹೋದ್ರೆ ಶಿವಲಿಂಗ. ಇದನ್ನ ಯಾವ ಶೈಲಿ ಅಂತ ಬರೀಬೇಕು?"

ಆ ಪ್ರಶ್ನೆಗೆ ಅಲ್ಲೇ ಒಂದು ಸಾಲಿನ ಉತ್ತರ ಕೊಟ್ಟೆ. ಆದರೆ ಅದು ಒಂದು ಸಾಲಿನಲ್ಲಿ ಮುಗಿಯುವ ಪ್ರಶ್ನೆ ಅಲ್ಲ. ಜನವರಿಯಲ್ಲಿ ಆಗ್ರಾಕ್ಕೆ ಹೋಗಿ ಬಂದ ಮೇಲೆ ನನ್ನ ನೋಟ್‌ಬುಕ್ಕಿನಲ್ಲಿ ಉಳಿದದ್ದೆಲ್ಲ ಒಂದು ರೀತಿಯಲ್ಲಿ ಆ ಪ್ರಶ್ನೆಗೇ ಉತ್ತರ. ಅದನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಪರೀಕ್ಷೆಗೆ ಓದುವವರಿಗೂ ಆಯಿತು, ಮುಂದೆ ಆಗ್ರಾಕ್ಕೆ ಹೋಗುವವರಿಗೂ ಆಯಿತು.

ಮೊದಲು ನಮ್ಮದನ್ನೇ ನೋಡೋಣ. ಕೊಡಗನ್ನು ಆಳಿದ ಹಾಲೇರಿ ಅರಸರು ವೀರಶೈವರು. ಅವರಲ್ಲಿ ಸುಡುವ ಪದ್ಧತಿ ಇಲ್ಲ, ಮಣ್ಣು ಮಾಡುತ್ತಾರೆ. ಹಾಗಾಗಿ ಸಮಾಧಿ ಕಟ್ಟಡ ಬೇಕಾಯಿತು. ದೊಡ್ಡವೀರರಾಜೇಂದ್ರ ಮತ್ತು ರಾಣಿ ಮಹದೇವಮ್ಮಾಜಿಯ ಗದ್ದುಗೆ ನಡುವೆ. ಪಕ್ಕದ್ದು ಲಿಂಗರಾಜೇಂದ್ರನದು, ಅವನ ಮಗ ಚಿಕ್ಕವೀರರಾಜೇಂದ್ರ 1820ರಲ್ಲಿ ಕಟ್ಟಿಸಿದ್ದು. ಸಮಾಧಿಗೆ ಘನತೆಯ ರೂಪ ಯಾವುದು ಎಂದು ಅಂದಿನ ದಕ್ಷಿಣದಲ್ಲಿ ಕೇಳಿದ್ದರೆ ಉತ್ತರ ಒಂದೇ ಇತ್ತು: ಗುಮ್ಮಟ. 1656ರ ಹೊತ್ತಿಗೆ ವಿಜಯಪುರದಲ್ಲಿ ಗೋಳಗುಮ್ಮಟ ನಿಂತಾಗಿತ್ತು. ನಮಗೆ ಇನ್ನೂ ಹತ್ತಿರದ ಶ್ರೀರಂಗಪಟ್ಟಣದಲ್ಲಿ ಟಿಪ್ಪು ತನ್ನ ತಂದೆ ಹೈದರಾಲಿಗೆ ಗುಂಬಜ್ ಕಟ್ಟಿಸಿದ್ದ. ಕೊಡಗಿನ ಅರಸರು ಆ ಆಕಾರವನ್ನು ತೆಗೆದುಕೊಂಡರು, ಮೂಲೆಗಳಲ್ಲಿ ನಂದಿಯನ್ನು ಕೂರಿಸಿದರು, ಒಳಗೆ ಲಿಂಗವಿಟ್ಟು ಪೂಜೆ ನಡೆಸಿದರು. ಕಟ್ಟಡದ ಆಕಾರ ಯಾವ ಧರ್ಮದ ಸ್ವತ್ತೂ ಅಲ್ಲ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಹುಡುಕಬೇಕಾಗಿಲ್ಲ. ಪರೀಕ್ಷೆಯಲ್ಲಿ 'ಇಂಡೋ-ಇಸ್ಲಾಮಿಕ್ ಶೈಲಿ' ಎಂದು ಬರೆಯಿರಿ, ಜೊತೆಗೆ ನಂದಿಯ ಮಾತನ್ನೂ ಸೇರಿಸಿ.

ಈಗ ಆಗ್ರಾ. ಕೊಡಗಿನಲ್ಲಿ ರೈಲೇ ಇಲ್ಲದ ಕಾರಣ ನಮಗೆ ಎಲ್ಲ ದೂರದ ಪ್ರಯಾಣವೂ ಬಸ್ಸಿನಲ್ಲೇ ಶುರು. ಬೆಂಗಳೂರು ತಲುಪಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದರೆ ಎರಡು ರಾತ್ರಿ ಕಳೆದು ಆಗ್ರಾ ಕಂಟೋನ್ಮೆಂಟ್. ದಾರಿಯಲ್ಲಿ ಭುಸಾವಳ್ ದಾಟಿದ ಮೇಲೆ ಕಿಟಕಿ ಪಕ್ಕ ಕೂತಿರಿ, ಯಾಕೆಂದರೆ ರೈಲು ಬುರ್ಹಾನ್‌ಪುರವನ್ನು ಹಾದು ಹೋಗುತ್ತದೆ. ಮುಮ್ತಾಜ್ ಮಹಲ್ ತೀರಿಕೊಂಡದ್ದು ಆಗ್ರಾದಲ್ಲಲ್ಲ, ಆ ಊರಿನಲ್ಲಿ, 1631ರ ಜೂನ್‌ನಲ್ಲಿ, ಹದಿನಾಲ್ಕನೆಯ ಹೆರಿಗೆಯಲ್ಲಿ. ಷಾಜಹಾನ್ ದಖನ್ನಿನ ಯುದ್ಧಕ್ಕೆಂದು ಅಲ್ಲಿ ಬೀಡುಬಿಟ್ಟಿದ್ದ. ಮೊದಲು ಅಲ್ಲಿಯೇ ಒಂದು ತೋಟದಲ್ಲಿ ಮಣ್ಣು ಮಾಡಿ, ಸುಮಾರು ಆರು ತಿಂಗಳ ನಂತರ ಶವವನ್ನು ಆಗ್ರಾಕ್ಕೆ ತಂದರು. ನಾವು ಬರ್ತ್‌ನಲ್ಲಿ ಕೂತು ಒಂದೇ ಹಗಲು-ರಾತ್ರಿಯಲ್ಲಿ ದಾಟುವ ದಾರಿ ಅದು.

ಆಗ್ರಾಕ್ಕೆ ಹೋದವರು ಮೊದಲು ತಾಜ್ ನೋಡುತ್ತಾರೆ, ಸಮಯ ಉಳಿದರೆ ಬೇರೆ. ನಮ್ಮಂಥ ಕಲಿಯುವವರು ಹಾಗೆ ಮಾಡಬಾರದು. ಕೊನೆಯ ಅಧ್ಯಾಯ ಮೊದಲು ಓದಿದ ಹಾಗಾಗುತ್ತದೆ. ನಾನು ನೋಡಿದ ಕ್ರಮ ಹೀಗೆ: ಸಿಕಂದ್ರಾ, ಕೋಟೆ, ಇತ್ಮಾದ್-ಉದ್-ದೌಲಾ, ಆಮೇಲೆ ತಾಜ್. ಇದು ಸುಮಾರಾಗಿ ಕಾಲದ ಕ್ರಮವೂ ಹೌದು, ಕೆಂಪು ಕಲ್ಲಿನಿಂದ ಬಿಳಿ ಕಲ್ಲಿಗೆ ಸಾಗುವ ಕ್ರಮವೂ ಹೌದು. ಶುಕ್ರವಾರ ತಾಜ್‌ಗೆ ರಜೆ, ಅದನ್ನು ಲೆಕ್ಕ ಹಾಕಿಯೇ ಟಿಕೆಟ್ ಮಾಡಿಸಿ.

ಸಿಕಂದ್ರಾದಲ್ಲಿರುವುದು ಅಕ್ಬರನ ಸಮಾಧಿ. ಜಹಾಂಗೀರನ ಕಾಲದಲ್ಲಿ, 1613ರಲ್ಲಿ ಮುಗಿಯಿತು. ಬಹಳ ಜನಕ್ಕೆ ಗೊತ್ತಿಲ್ಲದ ಸಂಗತಿ: ಇದಕ್ಕೆ ಗುಮ್ಮಟವೇ ಇಲ್ಲ. ಮೇಲಂತಸ್ತು ಆಕಾಶಕ್ಕೆ ತೆರೆದ ಅಮೃತಶಿಲೆಯ ಅಂಗಳ. ಇನ್ನೊಂದು, ದಕ್ಷಿಣದ ಹೆಬ್ಬಾಗಿಲಿನ ನಾಲ್ಕು ಮೂಲೆಗಳಲ್ಲಿ ಬಿಳಿಯ ಮಿನಾರುಗಳಿವೆ. ಬಾಗಿಲ ಮೇಲಿದ್ದ ಈ ನಾಲ್ಕು ಮಿನಾರು ಮುಂದೆ ತಾಜ್‌ನಲ್ಲಿ ಕೆಳಗಿಳಿದು, ಜಗಲಿಯ ನಾಲ್ಕು ಮೂಲೆಗೆ ಬಂದು ನಿಲ್ಲುತ್ತವೆ. ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಕೋಟೆಯ ಬಗ್ಗೆ ಬೇಕಾದಷ್ಟು ಹೇಳಬಹುದು, ನಾನು ಎರಡೇ ಮಾತು ಹೇಳುತ್ತೇನೆ. ಹಳೆಯ ಇಟ್ಟಿಗೆಯ ಕೋಟೆಯ ಜಾಗದಲ್ಲಿ 1565ರಿಂದ 1573ರವರೆಗೆ ಅಕ್ಬರ್ ಕೆಂಪು ಮರಳುಗಲ್ಲಿನಲ್ಲಿ ಕಟ್ಟಿಸಿದ್ದು; ಸುತ್ತಳತೆ ಸುಮಾರು 2.5 ಕಿಲೋಮೀಟರ್. ಅರ್ಧಚಂದ್ರದ ಆಕಾರ, ನೇರ ಬದಿ ಯಮುನೆಯ ಕಡೆಗೆ. ಹಾಥಿ ಪೋಲ್ ಎಂಬ ಬಾಗಿಲಲ್ಲಿ ಹಿಂದೆ ಎರಡು ಕಲ್ಲಾನೆಗಳಿದ್ದವು. ಮಡಿಕೇರಿ ಕೋಟೆಯ ಅಂಗಳದಲ್ಲಿ ಜೋಡಿ ಗಾರೆ ಆನೆ ನೋಡಿ ಬೆಳೆದ ನನಗೆ ಅದನ್ನು ಕಣ್ಣಾರೆ ನೋಡುವ ಆಸೆಯಿತ್ತು. ಆದರೆ ಆನೆಗಳು ಎಂದೋ ಹೋಗಿವೆ, ಆ ಬಾಗಿಲೂ ಸಾರ್ವಜನಿಕರಿಗೆ ತೆರೆದಿಲ್ಲ. ನಾವು ಹೋಗುವುದು ಅಮರ್‌ಸಿಂಗ್ ಬಾಗಿಲಿನಿಂದ.

ಒಳಗೆ ಹೋದಂತೆ ಕಲ್ಲಿನ ಬಣ್ಣ ಬದಲಾಗುವುದನ್ನು ಗಮನಿಸಿ. ಅಕ್ಬರನ ಕಾಲದ ಜಹಾಂಗೀರಿ ಮಹಲ್ ಕೆಂಪು, ಷಾಜಹಾನನ ಖಾಸ್ ಮಹಲ್ ಬಿಳಿ. ಎರಡೂ ಅಕ್ಕಪಕ್ಕ. ಅಜ್ಜ ಮೊಮ್ಮಗನ ನಡುವೆ ರುಚಿ ಎಷ್ಟು ಬದಲಾಯಿತು ಎಂಬುದಕ್ಕೆ ಬೇರೆ ಪಾಠ ಬೇಡ.

ನದಿಯ ಆಚೆ ದಡದಲ್ಲಿರುವ ಇತ್ಮಾದ್-ಉದ್-ದೌಲಾ ಸಮಾಧಿ ಇಡೀ ಪಾಠದ ಕೊಂಡಿ. ಅದನ್ನು ಬಿಟ್ಟು ಬರಬೇಡಿ. ನೂರ್‌ಜಹಾನ್ ತನ್ನ ತಂದೆ ಮಿರ್ಜಾ ಘಿಯಾಸ್ ಬೇಗ್‌ಗೆ 1622ರಿಂದ 1628ರ ನಡುವೆ ಕಟ್ಟಿಸಿದ್ದು. ಮೊಘಲರ ದೊಡ್ಡ ಸಮಾಧಿಗಳಲ್ಲಿ ಮೈತುಂಬ ಅಮೃತಶಿಲೆ ಹೊದ್ದ ಮೊದಲನೆಯದು ಇದು. ಘಿಯಾಸ್ ಬೇಗನ ಮಗ ಆಸಫ್ ಖಾನ್, ಆಸಫ್ ಖಾನನ ಮಗಳು ಮುಮ್ತಾಜ್. ಅಂದರೆ ಇದು ಮುಮ್ತಾಜಳ ಅಜ್ಜನ ಸಮಾಧಿ. ಬಿಳಿ ಕಲ್ಲಿನಲ್ಲಿ ಬಣ್ಣದ ಕಲ್ಲು ಕೂರಿಸುವ ಪರ್ಚಿನ್‌ಕಾರಿ ಕೆಲಸ ಅಜ್ಜನ ಗೋಡೆಯಲ್ಲಿ ಮೈತುಂಬ ಇದೆ. ಮೊಮ್ಮಗಳ ಗೋಡೆಯಲ್ಲಿ ಹದವಾಗಿ, ಬಿಳಿಗೆ ಉಸಿರಾಡಲು ಜಾಗ ಬಿಟ್ಟು ಇದೆ. ಒಬ್ಬ ಹೆಣ್ಣುಮಗಳು ಕಟ್ಟಿಸಿದ ಈ ಕಟ್ಟಡಕ್ಕೆ ನಮ್ಮ ಪಠ್ಯಗಳಲ್ಲಿ ಅರ್ಧ ಸಾಲು ಸಿಗುವುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಆ ಕೆಲಸ ಹೇಗೆ ಮಾಡುತ್ತಾರೆ ಎಂಬುದನ್ನು ಊರಿನೊಳಗಿನ ಒಂದು ಕಾರ್ಖಾನೆಯಲ್ಲಿ ಒಂದು ಗಂಟೆ ಕೂತು ನೋಡಿದೆ. ಮೊದಲು ಬಿಳಿ ಕಲ್ಲಿನ ಮೇಲೆ ಕೆಂಪು ಬಣ್ಣ ಬಳಿದುಬಿಡುತ್ತಾರೆ, ಯಾಕೆಂದರೆ ಬಿಳಿಯ ಮೇಲೆ ಬಿಳಿ ಗೀರು ಕಾಣುವುದಿಲ್ಲ. ಬಣ್ಣದ ಮೇಲೆ ಹೂವಿನ ಗೆರೆ ಎಳೆದು, ಆ ಗೆರೆಯೊಳಗನ್ನು ಸಣ್ಣ ಉಳಿಯಿಂದ ತೋಡುತ್ತಾರೆ. ಇನ್ನೊಬ್ಬ ತಿರುಗುವ ಚಕ್ರಕ್ಕೆ ಒಂದು ಎಸಳನ್ನು ಒತ್ತಿ ಹಿಡಿದು ಉಜ್ಜುತ್ತಿದ್ದ. ಎಸಳು ಎಂದರೆ ಒಂದು ಕರಿಮೆಣಸಿನ ಕಾಳಿನಷ್ಟೂ ಇಲ್ಲದ ಕೆಂಪು ಕಲ್ಲಿನ ಚೂರು. ಉಜ್ಜುವುದು, ಗುಳಿಯಲ್ಲಿ ಇಟ್ಟು ನೋಡುವುದು, ತೆಗೆಯುವುದು, ಮತ್ತೆ ಉಜ್ಜುವುದು. ನಾನು ಎಣಿಸಿದೆ, ಒಂದೇ ಚೂರಿಗೆ ಒಂಬತ್ತು ಸಲ. ಕೂತ ಮೇಲೆ ಅಂಟು ಹಾಕಿ ಕೂರಿಸಿ, ಕೊನೆಗೆ ನೀರು ಹಾಕಿ ತಿಕ್ಕಿದಾಗ ಕೆಂಪು ಬಣ್ಣ ತೊಳೆದು ಹೋಗಿ ಹೂ ಮಾತ್ರ ಉಳಿಯಿತು. ಬೆರಳಾಡಿಸಿದರೆ ಕಲ್ಲು ಎಲ್ಲಿ ಮುಗಿದು ಎಸಳು ಎಲ್ಲಿ ಶುರುವಾಗುತ್ತದೆ ಎಂದು ತಿಳಿಯಲಿಲ್ಲ. ಅವರು ಆ ಎಸಳಿನ ಮೇಲೆ ಟಾರ್ಚ್ ಇಟ್ಟಾಗ ಅದು ಕೆಂಡದ ಹಾಗೆ ಬೆಳಗಿತು.

ಇನ್ನು ತಾಜ್. ನಾವು ಹೋದ ದಿನ ಬೆಳಗ್ಗೆ ಮಂಜು. ನಮ್ಮೂರಿನ ಮಳೆಗಾಲದ ಮಂಜಿಗೆ ಹಸಿ ಮಣ್ಣಿನ ವಾಸನೆ, ಅಲ್ಲಿನದಕ್ಕೆ ಹೊಗೆಯ ವಾಸನೆ. ಹೆಬ್ಬಾಗಿಲು ದಾಟಿ ನಿಂತರೆ ಎದುರಿಗೆ ಏನೂ ಇಲ್ಲ, ಕಾಲುವೆಯ ನೀರು ಹತ್ತು ಮಾರು ಹೋಗಿ ಮರೆಯಾಗುತ್ತಿತ್ತು. ಒಂಬತ್ತೂವರೆಗೆ ಮೊದಲು ಕಂಡದ್ದು ಗುಮ್ಮಟದ ಅಂಚು, ನೆಲದ ಯಾವ ಆಧಾರವೂ ಇಲ್ಲದೆ. ಕಾಯುತ್ತ ಕೂತಿದ್ದರಿಂದಲೇ ನನಗೆ ಒಂದು ವಿಷಯ ಹೊಳೆಯಿತು: ನಾನು ಎಷ್ಟು ದೂರ ನಡೆಯಬೇಕು!

ಇದೇ ಈ ಟಿಪ್ಪಣಿಯ ಮುಖ್ಯ ಅಂಶ. ದೆಹಲಿಯ ಹುಮಾಯೂನ್ ಸಮಾಧಿ ಚಾರ್‌ಬಾಗ್ ತೋಟದ, ಅಂದರೆ ನಾಲ್ಕು ಭಾಗ ಮಾಡಿದ ತೋಟದ, ನಟ್ಟನಡುವೆ ಇದೆ. ಸಿಕಂದ್ರಾದಲ್ಲೂ ಹಾಗೆಯೇ. ಇತ್ಮಾದ್-ಉದ್-ದೌಲಾದಲ್ಲೂ ಹಾಗೆಯೇ. ತಾಜ್ ಮಾತ್ರ ಸುಮಾರು 300 ಮೀಟರ್ ಉದ್ದದ ತೋಟದ ತುದಿಯಲ್ಲಿ, ನದಿಯ ಅಂಚಿನಲ್ಲಿದೆ. ನಡುವೆ ಇರುವುದು ಒಂದು ಅಮೃತಶಿಲೆಯ ಕೊಳ ಅಷ್ಟೇ. ಯಾಕೆ?

ಎರಡು ಕಾರಣ ಹೇಳಬಹುದು. ಮೊದಲನೆಯದು ಆಗ್ರಾದ ರೂಢಿ. ಆ ಕಾಲದಲ್ಲಿ ಯಮುನೆಯ ಎರಡೂ ದಡದಲ್ಲಿ ಸಾಲಾಗಿ ಅಮೀರರ (ಆಸ್ಥಾನದ ಸರದಾರರ) ತೋಟ, ಹವೇಲಿಗಳಿದ್ದವು. ಮುಖ್ಯ ಕಟ್ಟಡವನ್ನು ನದಿಗೆ ತಾಗಿದ ಎತ್ತರದ ಜಗಲಿಯ ಮೇಲೆ ಕಟ್ಟಿ, ತೋಟವನ್ನು ಹಿಂದಕ್ಕೆ ಬಿಡುವುದು ಪದ್ಧತಿ; ನೀರಿನ ತಂಪು ಮತ್ತು ನೋಟ ಎರಡೂ ಸಿಗಲಿ ಎಂದು. ಎರಡನೆಯದು ನದಿಯ ಆಚೆಗಿದೆ. ಅಲ್ಲಿ ತಾಜ್‌ಗೆ ನೇರವಾಗಿ ಮೆಹ್ತಾಬ್ ಬಾಗ್ ಎಂಬ ತೋಟವಿದೆ. ಅಲ್ಲಿ ಷಾಜಹಾನ್ ತನಗಾಗಿ ಕಪ್ಪು ತಾಜ್ ಕಟ್ಟಲು ಹೊರಟಿದ್ದ ಎಂಬ ಕತೆ ಎಲ್ಲ ಗೈಡ್‌ಗಳ ಬಾಯಲ್ಲೂ ಇದೆ. 1990ರ ದಶಕದಲ್ಲಿ ಪುರಾತತ್ವ ಇಲಾಖೆ ಅಗೆದಾಗ ಸಿಕ್ಕಿದ್ದು ಕಪ್ಪು ಕಟ್ಟಡದ ಅಡಿಪಾಯವಲ್ಲ, ಎಂಟು ಮೂಲೆಯ ದೊಡ್ಡ ಕೊಳ, ಕಾರಂಜಿಗಳ ಸಮೇತ. ಅಂದರೆ ಅದು ಬೆಳದಿಂಗಳಲ್ಲಿ ತಾಜ್ ನೋಡುವ ತೋಟ. ಆ ತೋಟವನ್ನೂ ಸೇರಿಸಿ ನಕ್ಷೆ ಬರೆದು ನೋಡಿ: ಈಚೆ ತೋಟ, ತಾಜ್, ನದಿ, ಆಚೆ ತೋಟ. ತುದಿಯಲ್ಲಿದೆ ಎಂದುಕೊಂಡ ಕಟ್ಟಡ ನಡುವೆ ಬಂದು ನಿಲ್ಲುತ್ತದೆ. ನಾನು ಆ ನಕ್ಷೆ ಬರೆದದ್ದು ರೈಲಿನಲ್ಲಿ ಮರಳುವಾಗ, ಮೊದಲೇ ಬರೆದುಕೊಂಡು ಹೋಗಿದ್ದರೆ ಎಷ್ಟು ಚೆನ್ನಾಗಿತ್ತು.

ಉಳಿದ ವಿವರ ಬೇಗ ಹೇಳುತ್ತೇನೆ. ಜಾಗ ಆಂಬೇರ್‌ನ ರಾಜಾ ಜೈಸಿಂಗನದು, ಬದಲಿಗೆ ಬೇರೆ ಹವೇಲಿಗಳನ್ನು ಕೊಟ್ಟು ಪಡೆದದ್ದು. ಕೆಲಸ ಶುರುವಾದದ್ದು 1632, ಇಡೀ ಆವರಣ ಮುಗಿದದ್ದು 1653. ಮುಖ್ಯ ಶಿಲ್ಪಿ ಉಸ್ತಾದ್ ಅಹ್ಮದ್ ಲಾಹೋರಿ ಎಂದು ಒಪ್ಪಿಕೊಳ್ಳಲಾಗಿದೆ. ಕಲ್ಲು ರಾಜಸ್ಥಾನದ ಮಕ್ರಾನಾದ್ದು. ಎತ್ತರ ಸುಮಾರು 73 ಮೀಟರ್. ಅಕ್ಷರ ಬರೆದ ಅಮಾನತ್ ಖಾನ್ ತನ್ನ ಹೆಸರನ್ನು ಒಳಗೆ ಕೆತ್ತಿದ್ದಾನೆ. ಕಮಾನಿನ ಸುತ್ತ ಮೇಲೇರಿದಂತೆ ಅಕ್ಷರದ ಗಾತ್ರ ದೊಡ್ಡದಾಗುತ್ತದೆ, ಕೆಳಗೆ ನಿಂತವರಿಗೆ ಎಲ್ಲವೂ ಒಂದೇ ಸಮ ಕಾಣಲಿ ಎಂದು. ಮಿನಾರುಗಳು ತುಸು ಹೊರಕ್ಕೆ ವಾಲಿವೆ; ಬಿದ್ದರೂ ಸಮಾಧಿಯ ಮೇಲೆ ಬೀಳಬಾರದು. ಗುಮ್ಮಟ ಎರಡು ಪದರದ್ದು. ಚಿಕ್ಕ ಹಂಡೆ ಕವುಚಿ ಅದರ ಮೇಲೆ ದೊಡ್ಡ ಹಂಡೆ ಕವುಚಿದರೆ ಹೇಗೋ ಹಾಗೆ. ದೂರದಿಂದ ಕಾಣಲು ಎತ್ತರದ ಗುಮ್ಮಟ ಬೇಕು. ಆದರೆ ಅಷ್ಟೆತ್ತರದ ಟೊಳ್ಳು ತಲೆಯ ಮೇಲಿದ್ದರೆ ಒಳಗೆ ನಿಂತವರಿಗೆ ಕೋಣೆ ಬಾವಿಯಂತೆ ಕಾಣುತ್ತದೆ. ಅದಕ್ಕೇ ಒಳಗೊಂದು, ಹೊರಗೊಂದು. ಗೋಳಗುಮ್ಮಟ ಹೀಗಲ್ಲ, ಅದು ಒಂದೇ ಪದರ. ಈ ಹೋಲಿಕೆ ಬರೆದರೆ ಉತ್ತರ ಎದ್ದು ಕಾಣುತ್ತದೆ.

ಪಶ್ಚಿಮಕ್ಕೆ ಮಸೀದಿ ಇದೆ. ಪೂರ್ವಕ್ಕೆ ಅದೇ ಅಚ್ಚಿನ ಇನ್ನೊಂದು ಕಟ್ಟಡ, ಹೆಸರು 'ಜವಾಬ್', ಅಂದರೆ ಉತ್ತರ. ಅದರ ಮುಖ್ಯ ಕೆಲಸ ಎದುರಿನ ಕಟ್ಟಡಕ್ಕೆ ಜೋಡಿಯಾಗಿ ನಿಲ್ಲುವುದು. ಇಷ್ಟೆಲ್ಲ ಸಮ ಮಾಡಿದ ಜಾಗದಲ್ಲಿ ಒಂದೇ ಒಂದು ವಸ್ತು ಸಮ ತಪ್ಪಿದೆ: ಷಾಜಹಾನನ ಗೋರಿ. ಮುಮ್ತಾಜಳದು ನಡುವೆ, ಅವನದು ಪಕ್ಕದಲ್ಲಿ, ಅವಳದಕ್ಕಿಂತ ದೊಡ್ಡದು, ಜಾಗ ಮಾಡಿಕೊಂಡು ಒತ್ತಿಕೊಂಡ ಹಾಗೆ. ನಾವು ನೋಡುವ ಈ ಎರಡೂ ತೋರಿಕೆಯ ಗೋರಿಗಳು. ನಿಜವಾದವು ನೇರ ಕೆಳಗೆ ನೆಲಮಾಳಿಗೆಯಲ್ಲಿವೆ.

ಅವನು 1658ರಿಂದ 1666ರಲ್ಲಿ ಸಾಯುವವರೆಗೆ ಮಗ ಔರಂಗಜೇಬನ ಸೆರೆಯಲ್ಲಿ ಕೋಟೆಯೊಳಗಿದ್ದ. ಜೊತೆಗಿದ್ದವಳು ಮಗಳು ಜಹಾನಾರಾ. ಕೋಟೆಯ ಮುಸಮ್ಮನ್ ಬುರ್ಜಿನಿಂದ ನದಿಯ ತಿರುವಿನಾಚೆ ತಾಜ್ ಕಾಣುತ್ತದೆ. ಅಲ್ಲಿ ನಿಂತಾಗ ನನಗೆ ನೆನಪಾದವನು ಚಿಕ್ಕವೀರರಾಜೇಂದ್ರ. ಅಪ್ಪನಿಗೆ ಗದ್ದುಗೆ ಕಟ್ಟಿಸಿದವನನ್ನು 1834ರಲ್ಲಿ ಬ್ರಿಟಿಷರು ಇಳಿಸಿ ಕಾಶಿಗೆ ಕಳಿಸಿದರು. 1859ರಲ್ಲಿ ಅವನು ತೀರಿಕೊಂಡದ್ದು ಲಂಡನ್ನಿನಲ್ಲಿ. ಷಾಜಹಾನನಿಗೆ ತಾನು ಕಟ್ಟಿಸಿದ್ದು ಕಿಟಕಿಯಿಂದಾದರೂ ಕಾಣುತ್ತಿತ್ತು.

ಆಗ್ರಾದ ಸಿಹಿತಿಂಡಿ, ಬೂದುಗುಂಬಳದ ಪೇಠಾ ತಂದಿದ್ದೇನೆ. ಇದಕ್ಕೂ ತಾಜ್‌ಗೂ ಸಂಬಂಧವಿದೆ: ಹೊಗೆಯಿಂದ ಅಮೃತಶಿಲೆ ಹಳದಿಯಾಗುತ್ತಿದೆ ಎಂದು 1996ರಲ್ಲಿ ಸುಪ್ರೀಂ ಕೋರ್ಟ್ ಸುತ್ತಲಿನ 10,400 ಚದರ ಕಿಲೋಮೀಟರ್ ವಲಯದಲ್ಲಿ ಕಲ್ಲಿದ್ದಲು ಸುಡುವ ಕೈಗಾರಿಕೆಗಳಿಗೆ ಗ್ಯಾಸ್‌ಗೆ ಬದಲಾಗಿ, ಇಲ್ಲವೇ ಜಾಗ ಬಿಡಿ ಎಂದಿತು. ಪೇಠಾದ ಒಲೆಗಳಿಗೂ ಕಲ್ಲಿದ್ದಲು ಬಿಡುವ ಕಾಲ ಬಂತು. ಪರಿಸರ ಪತ್ರಿಕೆಗೆ ಇದು ಬೇಕಾಗುತ್ತದೆ, ಗುರುತು ಹಾಕಿಕೊಳ್ಳಿ.

ಬರುವ ಭಾನುವಾರ ಒಂಬತ್ತೂವರೆಗೆ ಮತ್ತೆ ಗದ್ದುಗೆ. ಎಲ್ಲರೂ ಚೌಕುಳಿ ಪುಸ್ತಕ ತನ್ನಿ, ಟೇಪು ನಾನು ತರುತ್ತೇನೆ. ನಡುವಿನ ಗದ್ದುಗೆ ನಿಜಕ್ಕೂ ಆವರಣದ ನಡುವೆ ಇದೆಯೋ, ಎಷ್ಟು ಹೆಜ್ಜೆ ಆಚೀಚೆ ಇದೆಯೋ, ಅಳೆದು ನಕ್ಷೆ ಬರೆಯೋಣ.