ಸೆಪ್ಟೆಂಬರ್ 17ರ ಹಿಂದಿನ ಹತ್ತು ವರ್ಷಗಳು

ಸೆಪ್ಟೆಂಬರ್ 17 ಬಂತೆಂದರೆ ಕಲ್ಯಾಣ ಕರ್ನಾಟಕದಲ್ಲಿ ಧ್ವಜ ಏರುತ್ತದೆ, ಸರ್ದಾರ್ ಪಟೇಲರ ಪ್ರತಿಮೆಗೆ ಮಾಲೆ ಬೀಳುತ್ತದೆ. 1948ರಲ್ಲಿ ಭಾರತದ ಸೇನೆ ನಿಜಾಮ ಆಳುತ್ತಿದ್ದ ಹೈದರಾಬಾದ್ ಸಂಸ್ಥಾನವನ್ನು ಐದೇ ದಿನಗಳಲ್ಲಿ ಮಣಿಸಿದ ಕಥೆ ಭಾಷಣಗಳಲ್ಲಿ ಮೊಳಗುತ್ತದೆ. ಸೇನೆ ಬರುವುದಕ್ಕೆ ಹತ್ತು ವರ್ಷ ಮೊದಲೇ ಹೋರಾಟಕ್ಕಿಳಿದವರ ಹೆಸರು ಮಾತ್ರ ಅಲ್ಲಿ ಕೇಳುವುದು ಅಪರೂಪ. ಈ ಮರೆವು ನನಗೆ ನೋವು ತರುತ್ತದೆ.

ನಿಜಾಮನ ರಾಜ್ಯದಲ್ಲಿ 16 ಜಿಲ್ಲೆಗಳಿದ್ದವು. ತೆಲುಗಿನವು ಎಂಟು, ಮರಾಠಿಯವು ಐದು, ಕನ್ನಡದವು ಬೀದರ್, ಗುಲ್ಬರ್ಗಾ, ರಾಯಚೂರು ಎಂಬ ಮೂರು. ಕಚೇರಿ, ನ್ಯಾಯಾಲಯ, ವಿಶ್ವವಿದ್ಯಾಲಯಗಳಲ್ಲಿ ಉರ್ದುವೇ ನಡೆಯುತ್ತಿತ್ತು. ಕನ್ನಡದ ರೈತ ತನಗೆ ಬಂದ ಸರ್ಕಾರಿ ಕಾಗದವನ್ನು ಓದಿಸಿಕೊಳ್ಳಲು ಉರ್ದು ಬಲ್ಲವರನ್ನು ಹುಡುಕಿಕೊಂಡು ಹೋಗಬೇಕಿತ್ತು. ರಾಜಕೀಯ ಸಭೆಗಳಿಗೆ ಕಟ್ಟುನಿಟ್ಟಿನ ನಿರ್ಬಂಧವಿದ್ದುದರಿಂದ ಅಸಮಾಧಾನವೆಲ್ಲ ಭಾಷೆಯ ಪರಿಷತ್ತು, ಗ್ರಂಥಾಲಯ, ಶಾಲೆಗಳ ನೆರಳಿನಲ್ಲಿ ಬೆಳೆಯಿತು. 1938ರಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಕಟ್ಟಲು ಹೊರಟಾಗ, ಅದು ವಿಧಿವತ್ತಾಗಿ ಹುಟ್ಟುವ ಮೊದಲೇ ನಿಷೇಧ ಬಿತ್ತು. ಆ ನಿಷೇಧ ತೆರವಾಗಲು 1946ರವರೆಗೆ ಕಾಯಬೇಕಾಯಿತು.

ಆ ವರ್ಷಗಳನ್ನು ಹೆಗಲ ಮೇಲೆ ಹೊತ್ತವರು ಸ್ವಾಮಿ ರಮಾನಂದ ತೀರ್ಥರು. ವಿಜಯಪುರ ಜಿಲ್ಲೆಯ ಸಿಂದಗಿಯಲ್ಲಿ 1903ರಲ್ಲಿ ಹುಟ್ಟಿದ ವೆಂಕಟೇಶ ಖೇಡಗಿಕರ್ ಅವರು ಕಾರ್ಮಿಕ ಚಳವಳಿಯಲ್ಲಿ ದುಡಿದರು, ಮರಾಠವಾಡದಲ್ಲಿ ಮೇಷ್ಟ್ರಾಗಿ ಪಾಠ ಹೇಳಿದರು, ಆಮೇಲೆ ಕಾವಿ ಉಟ್ಟು ರಮಾನಂದ ತೀರ್ಥರಾದರು. 1938ರ ಸತ್ಯಾಗ್ರಹದಲ್ಲಿ ಸೆರೆಮನೆ ಸೇರಿದರು. 1947ರ ಆಗಸ್ಟ್ 15ರಂದು ದೇಶ ಸಂಭ್ರಮಿಸುತ್ತಿದ್ದಾಗ ಅವರು ಮತ್ತೆ ಬಂಧನಕ್ಕೊಳಗಾದರು.

ಅಲ್ಲಿಂದ ಮುಂದಿನ ವರ್ಷ ಭೀಕರವಾಗಿತ್ತು. ಲಾತೂರಿನ ವಕೀಲ ಕಾಸಿಂ ರಜ್ವಿಯ ರಜಾಕಾರರು, ಅಂದರೆ ನಿಜಾಮನ ಪರ ನಿಂತ ಖಾಸಗಿ ಪಡೆಯವರು, ಹಳ್ಳಿಗಳನ್ನು ಸುಟ್ಟರು. ಬೀದರ್ ಜಿಲ್ಲೆಯ ಗೋರ್ಟಾದಲ್ಲಿ 1948ರ ಮೇ ತಿಂಗಳಲ್ಲಿ ನಡೆದ ಹತ್ಯಾಕಾಂಡವನ್ನು ಆ ಸೀಮೆಯ ಜನ ಇಂದಿಗೂ ಮರೆತಿಲ್ಲ. ಗಡಿಯಾಚೆ ಮುಂಬೈ ಪ್ರಾಂತ್ಯದ ನೆಲದಲ್ಲಿ ಹೋರಾಟಗಾರರ ಶಿಬಿರಗಳು ತಲೆಯೆತ್ತಿದವು. ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿ, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆ ಮುಂದಾಳುಗಳಾದರು. ಇಂಥ ಶಿಬಿರಗಳ ಯುವಕರು ಗಡಿ ದಾಟಿ ಹೋಗಿ ನಿಜಾಮನ ಠಾಣೆಗಳ ಮೇಲೆ, ಕರೋಡಗಿರಿ (ಸುಂಕ ವಸೂಲಿಯ) ನಾಕೆಗಳ ಮೇಲೆ ದಾಳಿ ಮಾಡಿದರು. ಇದನ್ನು ಹಿಂದೂ ಮುಸ್ಲಿಂ ಜಗಳವೆಂದು ಕುಗ್ಗಿಸುವವರು ಶೋಯಬುಲ್ಲಾ ಖಾನರನ್ನು ನೆನೆಯಬೇಕು. ಭಾರತದೊಂದಿಗೆ ವಿಲೀನವಾಗಬೇಕೆಂದು ತಮ್ಮ ಉರ್ದು ಪತ್ರಿಕೆಯಲ್ಲಿ ಬರೆದ ಆ ಸಂಪಾದಕರನ್ನು 1948ರ ಆಗಸ್ಟ್‌ನಲ್ಲಿ ಹೈದರಾಬಾದಿನ ಬೀದಿಯಲ್ಲೇ ಕೊಂದರು.

ಬಿಡುಗಡೆಯ ನಂತರದ ಕ್ರೌರ್ಯವನ್ನೂ ಬಚ್ಚಿಡಬಾರದು. ನೆಹರೂ ಕಳುಹಿಸಿದ ಸುಂದರಲಾಲ್ ಸಮಿತಿಯು ಪೊಲೀಸ್ ಕಾರ್ಯಾಚರಣೆ ಎಂದು ಕರೆಯಲಾದ ಆ ಸೇನಾ ದಾಳಿಯ ವೇಳೆ ಮತ್ತು ಆನಂತರ ಕನಿಷ್ಠ 27ರಿಂದ 40 ಸಾವಿರ ಜನ ಸತ್ತರೆಂದು ಅಂದಾಜಿಸಿತು. ಸತ್ತವರಲ್ಲಿ ಹೆಚ್ಚಿನವರು ಮುಸ್ಲಿಮರು. ಅತಿ ಹೆಚ್ಚು ನಲುಗಿದ ನಾಲ್ಕು ಜಿಲ್ಲೆಗಳಲ್ಲಿ ಗುಲ್ಬರ್ಗಾ, ಬೀದರ್ ಎರಡೂ ಇದ್ದವು. ವಿಮೋಚನೆಯ ಇತಿಹಾಸ ಬರೆಯುವವರು ಈ ಪುಟವನ್ನು ಹರಿದು ಹಾಕಿದರೆ ಉಳಿದ ಪುಟಗಳನ್ನು ನಂಬುವವರಾರು?

ರಮಾನಂದ ತೀರ್ಥರು 1952ರಲ್ಲಿ ಗುಲ್ಬರ್ಗಾದಿಂದ ಲೋಕಸಭೆಗೆ ಆಯ್ಕೆಯಾದರು. ಮೂರೂ ಭಾಷೆಯ ಜನರನ್ನು ಒಗ್ಗೂಡಿಸಿ ಹೋರಾಡಿದ ಅವರೇ ಹೈದರಾಬಾದ್ ರಾಜ್ಯ ಭಾಷೆಗನುಗುಣವಾಗಿ ಒಡೆಯಬೇಕೆಂದು ವಾದಿಸಿದರು. 1956ರ ನವೆಂಬರ್ 1ರಂದು ಹಾಗೆಯೇ ಆಯಿತು, ಕನ್ನಡದ ಮೂರು ಜಿಲ್ಲೆಗಳು ಮೈಸೂರು ರಾಜ್ಯ ಸೇರಿದವು.

ಸೇರಿದ ಮೇಲೂ ಹಿಂದುಳಿದೇ ಇದ್ದವು. ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಿದ ನಂಜುಂಡಪ್ಪ ಸಮಿತಿ 2002ರಲ್ಲಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ 21 ಗುಲ್ಬರ್ಗಾ ವಿಭಾಗದವೇ. ವೈಜನಾಥ ಪಾಟೀಲರು ವಿಶೇಷ ಸ್ಥಾನಮಾನಕ್ಕಾಗಿ ವರ್ಷಾನುಗಟ್ಟಲೆ ಬೀದಿಯಲ್ಲಿ ಹೋರಾಡಿದರು. ದೆಹಲಿಯಲ್ಲಿ ಒತ್ತಡ ತಂದವರು ಮಲ್ಲಿಕಾರ್ಜುನ ಖರ್ಗೆ. ಬೀದರ್ ಜಿಲ್ಲೆಯ ವರವಟ್ಟಿಯಲ್ಲಿ ರಜಾಕಾರರು ಹಚ್ಚಿದ ಬೆಂಕಿಗೆ ಬಾಲ್ಯದಲ್ಲೇ ತಾಯಿಯನ್ನು ಕಳೆದುಕೊಂಡವರು ಅವರು. 2012ರಲ್ಲಿ ಸಂಸತ್ತು ಸಂವಿಧಾನದ 98ನೇ ತಿದ್ದುಪಡಿಗೆ ಒಪ್ಪಿಗೆ ಕೊಟ್ಟು 371(ಜೆ) ವಿಧಿ ಬಂತು, ಶಿಕ್ಷಣ ಮತ್ತು ಸರ್ಕಾರಿ ಹುದ್ದೆಗಳಲ್ಲಿ ಸ್ಥಳೀಯರಿಗೆ ಮೀಸಲಾತಿ ಸಿಕ್ಕಿತು. 2019ರಲ್ಲಿ ಪ್ರದೇಶಕ್ಕೆ ಕಲ್ಯಾಣ ಕರ್ನಾಟಕವೆಂಬ ಹೆಸರೂ ಬಂತು.

ಇಲ್ಲಿನ ಅಭಿವೃದ್ಧಿ ಮಂಡಳಿಯ ಕೆಲಸದ ವರದಿ ಪ್ರತಿ ವರ್ಷ ವಿಧಾನಸಭೆಯ ಮುಂದೆ ಬರಬೇಕೆಂದು ಅದೇ ವಿಧಿ ಹೇಳುತ್ತದೆ. ಆ ವರದಿಯ ಮೇಲೆ ಒಂದು ಪೂರ್ಣ ದಿನ ಚರ್ಚೆ ನಡೆಯಲಿ. ಮಾಲೆ ಹಾಕುವ ಕೈಗಳಿಂದ ಈ ಭಾಗದ ಜನ ಕೇಳಬೇಕಾದದ್ದು ಇದನ್ನೇ.