ತೂತು ಕೊರೆದರೆ ಪಿಕಪ್ ಬರುವುದಿಲ್ಲ ಮಾರಾಯ್ರೆ

ಕಳೆದ ವಾರ ಪೆರ್ಲ ಕಡೆಯ ಹುಡುಗನೊಬ್ಬ 150 ಸಿಸಿ ಬೈಕ್ ತಂದು ನಿಲ್ಲಿಸಿದ. ಏರ್‌ಬಾಕ್ಸ್, ಅಂದರೆ ಎಂಜಿನ್‌ಗೆ ಹೋಗುವ ಗಾಳಿಯ ಡಬ್ಬಿ, ಅದರ ಮುಚ್ಚಳ ಬಿಚ್ಚಿದರೆ ಒಳಗೆ ಫಿಲ್ಟರೇ ಇಲ್ಲ. ಅದರ ಜಾಗದಲ್ಲಿ ಚಹಾ ಸೋಸುವ ಜಾಲರಿ! ಹಿಡಿ ಕತ್ತರಿಸಿ, ಎಂ-ಸೀಲ್ ಮೆತ್ತಿ ಕೂರಿಸಿದ್ದ. ಮುಚ್ಚಳದಲ್ಲಿ ಏಳು ತೂತು, ಕಾದ ಮೊಳೆಯಿಂದ ಚುಚ್ಚಿದ್ದು. ಅಂಚಿನ ಪ್ಲಾಸ್ಟಿಕ್ ಕರಗಿ ಉಂಡೆ ಕಟ್ಟಿತ್ತು. ಕೆಲಸ ಮಾತ್ರ ಶ್ರದ್ಧೆಯಿಂದ ಮಾಡಿದ್ದ, ಅದನ್ನು ಒಪ್ಪಲೇಬೇಕು. "ಗಾಳಿ ಜಾಸ್ತಿ ಹೋಗ್ತದೆ ಅಣ್ಣಾ, ಪಿಕಪ್ ಬಂದಿದೆ. ನಡುವಲ್ಲಿ ಸ್ವಲ್ಪ ಎಳೆಯುವುದಿಲ್ಲ, ಅದೊಂದು ಸರಿ ಮಾಡಿಕೊಡಿ" ಅಂದ.

ಕಾಸರಗೋಡಿನ ಬದಿಯಡ್ಕದ ಹತ್ತಿರ ಗ್ಯಾರೇಜ್ ಇಟ್ಟು 20 ವರ್ಷ ದಾಟಿತು. ಕನ್ನಡ, ತುಳು, ಮಲಯಾಳ, ಕೊಂಕಣಿ, ಬ್ಯಾರಿ, ಹೀಗೆ ಐದು ಭಾಷೆಯಲ್ಲಿ ದೂರು ಕೇಳುತ್ತೇನೆ. ಐದರಲ್ಲೂ ಪಿಕಪ್‌ಗೆ ಪಿಕಪ್ ಅಂತಲೇ ಹೇಳುವುದು. ಫಿಲ್ಟರ್ ಯಾಕೆ ಬೇಕು ಅಂತ ನಾನು ಪಾಠ ಮಾಡುವುದಿಲ್ಲ. ಎಷ್ಟು ಹೇಳಿದರೂ ತಲೆಗೆ ಹೋಗದ ವಿಷಯ ಬೇರೆಯೇ ಇದೆ.

ಆಕ್ಸಿಲರೇಟರ್ ತಿರುಗಿಸಿದ ಕೂಡಲೇ ಬೈಕ್ ಹಾರಬೇಕು ಅನ್ನುತ್ತೀರಲ್ಲ, ಆ ಹೊತ್ತಿಗೆ ಎಂಜಿನ್‌ಗೆ ಗಾಳಿ ಬಿಡುವ ಬಾಗಿಲು, ಅಂದರೆ ಥ್ರಾಟಲ್, ಎಷ್ಟು ತೆರೆದಿರುತ್ತದೆ? ಹೆಚ್ಚೆಂದರೆ ಕಾಲು ಭಾಗ. ನಮ್ಮ ಊರಿನ ತಿರುವುಗಳಲ್ಲಿ ಅದಕ್ಕಿಂತಲೂ ಕಡಿಮೆ. ಆಗ ಗಾಳಿಗೆ ಅಡ್ಡ ನಿಂತಿರುವುದು ಥ್ರಾಟಲ್, ಏರ್‌ಬಾಕ್ಸ್ ಅಲ್ಲ. ತೋಟದ ಸ್ಪ್ರಿಂಕ್ಲರ್ ಲೈನನ್ನು ನೆನಪಿಸಿಕೊಳ್ಳಿ. ಗೇಟ್‌ವಾಲ್ವ್ ಕಾಲು ಭಾಗ ಮಾತ್ರ ತೆರೆದು, ನೀರು ಸಾಲುವುದಿಲ್ಲ ಅಂತ ಟ್ಯಾಂಕಿಯ ಎರಡಿಂಚಿನ ಪೈಪ್ ಕಿತ್ತು ನಾಲ್ಕಿಂಚಿನದು ಹಾಕುತ್ತೀರಾ? ಹಾಕಿದರೂ ಕೊನೆಯ ಅಡಿಕೆ ಮರಕ್ಕೆ ಏನಾದರೂ ಜಾಸ್ತಿ ಹೋಗುತ್ತದಾ? ವಾಲ್ವ್ ತಿರುಗಿಸಬೇಕು, ಅಷ್ಟೆ. ಏರ್‌ಬಾಕ್ಸ್‌ನ ಬಾಯಿ ಸಾಕಾ ಸಾಲದಾ ಅನ್ನುವ ಪ್ರಶ್ನೆ ಬರುವುದು ಥ್ರಾಟಲ್ ಪೂರ್ತಿ ತೆರೆದು ಎಂಜಿನ್ ಕಿರುಚುವಾಗ.

ಆ ಬಾಯಿಯನ್ನೂ ಕಂಪನಿಯವರು ಸುಮ್ನೆ ಇಟ್ಟದ್ದಲ್ಲ. 150 ಸಿಸಿ ಎಂಜಿನ್ 6000 ಆರ್‌ಪಿಎಂನಲ್ಲಿ ಸೆಕೆಂಡಿಗೆ 50 ಸಲ ಉಸಿರೆಳೆಯುತ್ತದೆ. ಪ್ರತಿ ಸಲ ಪೂರ್ತಿ ತುಂಬಿಕೊಂಡರೆ ನಿಮಿಷಕ್ಕೆ 450 ಲೀಟರ್ ಗಾಳಿ. ಅದೂ ಒಂದೇ ಸಮನೆ ಅಲ್ಲ, ಗುಟುಕು ಗುಟುಕಾಗಿ. ಆ ಗುಟುಕಿಗೆ ಸಿಗುವ ಹಾಗೆ ಪಕ್ಕದಲ್ಲೇ ಸ್ವಲ್ಪ ಗಾಳಿ ತಯಾರಾಗಿ ನಿಂತಿರಬೇಕು. ಗುಡ್ಡಕ್ಕೆ ಕೊರೆದ ಸುರಂಗದಿಂದ ಬಂದ ನೀರನ್ನು ಹೊರಗೆ ತೊಟ್ಟಿಯಲ್ಲಿ ನಿಲ್ಲಿಸಿ ಕೊಡದಲ್ಲಿ ಮೊಗೆಯುತ್ತೇವಲ್ಲ, ಹಾಗೆ. ಏರ್‌ಬಾಕ್ಸ್ ಅಂದರೆ ಆ ತೊಟ್ಟಿ.

"ಮತ್ತೆ ನನಗೆ ಅನಿಸಿದ್ದು ಸುಳ್ಳಾ?" ಅಂತ ಹುಡುಗ ಸಿಟ್ಟಾದ. ಸುಳ್ಳಲ್ಲ, ಕಿವಿ ಮೋಸ ಮಾಡಿದ್ದು. ಎಂಜಿನ್ ಗಾಳಿ ಎಳೆಯುವ ಸದ್ದನ್ನು ಅಡಗಿಸುವುದೂ ಏರ್‌ಬಾಕ್ಸ್‌ನ ಕೆಲಸ. ತೂತು ಮಾಡಿದರೆ ಆ ಸದ್ದು ಸೀಟಿನಡಿಯಿಂದ ನೇರ ಕಿವಿಗೆ ಬರುತ್ತದೆ. ಬೈಕ್ ಓಡಿತು ಅಂತ ಅನಿಸುತ್ತದೆ.

ನಂಬದಿದ್ದರೆ ಅಳೆದು ನೋಡುವುದು ಒಳ್ಳೆಯದು. ಬೆಳಗ್ಗೆ ಖಾಲಿ ಇರುವ ನೇರ ರಸ್ತೆಗೆ ಹೋದೆವು. ಮೂರನೇ ಗೇರ್‌ನಲ್ಲಿ 30ರಿಂದ 60ಕ್ಕೆ, ಥ್ರಾಟಲ್ ಪೂರ್ತಿ ತಿರುಗಿಸಿ. ನಾಲ್ಕು ಸಲ ಜಾಲರಿಯಲ್ಲಿ, ನಾಲ್ಕು ಸಲ ಹೊಸ ಫಿಲ್ಟರ್ ಹಾಕಿ ತೂತಿಗೆ ಟೇಪ್ ಸುತ್ತಿ. ಸ್ಟಾಪ್‌ವಾಚನ್ನು ಅವನ ಗೆಳೆಯನ ಕೈಗೇ ಕೊಟ್ಟೆ, ಇಲ್ಲದಿದ್ದರೆ ನಾನೇ ಗೋಲ್‌ಮಾಲ್ ಮಾಡಿದೆ ಅನ್ನುತ್ತಾರೆ. ಜಾಲರಿಯದ್ದೇ ನಿಧಾನ, ಅರ್ಧ ಸೆಕೆಂಡಿನ ಆಸುಪಾಸು. ಒಂದು ಬೈಕಿನ ಲೆಕ್ಕ ಇದು, ಪ್ರಯೋಗಶಾಲೆಯದ್ದಲ್ಲ. ಆದರೂ ಹುಡುಗನ ಮುಖ ನೋಡಬೇಕಿತ್ತು.

ಪೂರ್ತಿ ತೆರೆದಾಗಲಾದರೂ ಲಾಭ ಆಗಬೇಕಿತ್ತು ಅಲ್ವಾ? ಆಗುವುದಿಲ್ಲ, ಯಾಕಂದರೆ ಗಾಳಿಯ ಹಿಂದೆ ಪೆಟ್ರೋಲ್ ಬರಲಿಲ್ಲ. ಶುದ್ಧ ಪೆಟ್ರೋಲಾದರೆ 1 ಗ್ರಾಂಗೆ 14.7 ಗ್ರಾಂ ಗಾಳಿಯ ಲೆಕ್ಕ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಮದ್ದು ಮಾಡುವಾಗ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ ಹಾಕುತ್ತೇವೆ. ನೀರನ್ನು ಮಾತ್ರ 150 ಲೀಟರ್ ಮಾಡಿ, ಮದ್ದು ಜಾಸ್ತಿಯಾಯಿತು ಅಂದರೆ ನಿಮ್ಮ ಅಪ್ಪ ಏನು ಹೇಳಿಯಾರು? ಫಿಲ್ಟರ್ ತೆಗೆದಾಗ, ಗಾಳಿ ಪೆಟ್ರೋಲ್ ಬೆರೆಸುವ ಕಾರ್ಬುರೇಟರಿನ ಸಣ್ಣ ತೂತು, ಅಂದರೆ ಜೆಟ್‌ನಿಂದ ಪೆಟ್ರೋಲ್ ಎಳೆಯುವ ಸೆಳೆತವೂ ಕಡಿಮೆಯಾಗುತ್ತದೆ. ಡಯಾಫ್ರಾಂ ಅನ್ನುವ ರಬ್ಬರ್ ಪೊರೆ ಇರುವ ಸಿವಿ ಕಾರ್ಬುರೇಟರ್ ಇನ್ನೂ ಸೂಕ್ಷ್ಮ, ಅದರೊಳಗೆ ಗಾಳಿಯ ದಾರಿ ತೆರೆಯುವ ಸ್ಲೈಡ್ ಏಳುವುದು ಏರ್‌ಬಾಕ್ಸ್ ಕಡೆಯ ಒತ್ತಡವನ್ನು ನಂಬಿಕೊಂಡು. ಸಾಲದ್ದಕ್ಕೆ ಈಗಿನ ಪೆಟ್ರೋಲಿನಲ್ಲಿ 20% ಎಥನಾಲ್, ಅದಕ್ಕೆ ಗಾಳಿ ಕಡಿಮೆ ಸಾಕು, ಹಾಗಾಗಿ ಹಳೆ ಕಾರ್ಬುರೇಟರಿಗೆ ಮಿಶ್ರಣ ಮೊದಲೇ ತೆಳು. ಈ ಹುಡುಗನ ಪ್ಲಗ್ ಬಿಚ್ಚಿದರೆ ತುದಿ ಸುಣ್ಣದ ಹಾಗೆ ಬಿಳಿ, ಪೆಟ್ರೋಲ್ ಸಾಲದ ಗುರುತು.

ಜೆಟ್ ಬದಲಿಸಿ, ಶಕ್ತಿ ಅಳೆಯುವ ಡೈನೋದಲ್ಲಿಟ್ಟು ಮಾಡಿದರೆ, ಏರ್‌ಬಾಕ್ಸ್ ಇಲ್ಲದೆ ನೇರ ಕೂರಿಸುವ ಪಾಡ್ ಫಿಲ್ಟರಿನಿಂದ ಮೇಲಿನ ಆರ್‌ಪಿಎಂನಲ್ಲಿ ಸ್ವಲ್ಪ ಶಕ್ತಿ ಸಿಗಬಹುದು. ರೇಸಿನವರು ಮಾಡುತ್ತಾರೆ, ಅವರನ್ನು ತಪ್ಪು ಅನ್ನುವುದಿಲ್ಲ. 2020ರ ಏಪ್ರಿಲ್ ನಂತರದ ಬಿಎಸ್6 (ಹೊಗೆಯ ನಿಯಮ) ಬೈಕಿನಲ್ಲಿ ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಇಸಿಯು ಅನ್ನುವ ಕಂಪ್ಯೂಟರ್ ಪೆಟ್ರೋಲನ್ನು ತಾನೇ ಹೊಂದಿಸುತ್ತದೆ. ಆದರೆ ಪೂರ್ತಿ ತಿರುಗಿಸಿದಾಗ ಸಾಮಾನ್ಯವಾಗಿ ಸೆನ್ಸರಿನ ಮಾತು ಬಿಟ್ಟು, ಕಂಪನಿ ಬರೆದಿಟ್ಟ ಲೆಕ್ಕದಲ್ಲೇ ನಡೆಯುತ್ತದೆ. ಮಾಡೆಲ್‌ನಿಂದ ಮಾಡೆಲ್‌ಗೆ ವ್ಯತ್ಯಾಸ ಇದೆ, ಎಲ್ಲದಕ್ಕೂ ಒಂದೇ ಮಾತು ಹೇಳಲಾರೆ.

ಧೂಳಿನ ಬಗ್ಗೆ ಮಾತ್ರ ಧೈರ್ಯವಾಗಿ ಹೇಳುತ್ತೇನೆ. ಕೆಂಪುಕಲ್ಲಿನ ಕೋರೆಗೆ ಹೋಗುವ ಒಬ್ಬರು ಎಂಟು ತಿಂಗಳು ಹೀಗೇ ಓಡಿಸಿ ನೀಲಿ ಹೊಗೆ ಅಂತ ಬಂದರು. ಕಾರ್ಬುರೇಟರ್ ಬಾಯಿಗೆ ಬೆರಳು ಹಾಕಿ ಒರೆಸಿದೆ, ಕುಂಕುಮ ಹತ್ತಿದ ಹಾಗೆ ಕೆಂಪು. ಎರಡು ಬೆರಳ ನಡುವೆ ತಿಕ್ಕಿದರೆ ಕರಕರ. ಇದೇ ಧೂಳು ಆಯಿಲ್ ಜೊತೆ ಸೇರಿದರೆ ವಾಲ್ವ್ ಉಜ್ಜಿ ಸವೆಸುವ ಲ್ಯಾಪಿಂಗ್ ಪೇಸ್ಟ್‌ಗೂ ಅದಕ್ಕೂ ದೊಡ್ಡ ವ್ಯತ್ಯಾಸ ಇಲ್ಲ. ಬೋರ್, ಪಿಸ್ಟನ್, ರಿಂಗ್ ಎಲ್ಲ ಹೋಗಿತ್ತು. ಮನೆ ಕಟ್ಟುತ್ತಿದ್ದ ಮನುಷ್ಯ, ಬಿಲ್ ಹೇಳುವಾಗ ನನಗೇ ಬೇಜಾರಾಯಿತು.

ಎಂವಿಡಿಯವರು, ಅಂದರೆ ಕೇರಳದ ಮೋಟಾರು ವಾಹನ ಇಲಾಖೆಯವರು, ಹಿಡಿದರೆ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ ಹಾಕಲು ಕಾನೂನಿನಲ್ಲಿ ಅವಕಾಶ ಇದೆ. ಏಳು ತೂತನ್ನು ಏಳು ಅಂತಲೇ ಲೆಕ್ಕ ಹಿಡಿಯುತ್ತಾರಾ ಅಂತ ಹುಡುಗ ಕೇಳಿದ. ಗೊತ್ತಿದ್ದವರನ್ನು ಕೇಳು ಅಂದೆ.

ಕೊನೆಗೆ ಅವನ ನಿಜವಾದ ರೋಗ ಸಿಕ್ಕಿದ್ದು ಹ್ಯಾಂಡಲಿನಲ್ಲಿ. ಆಕ್ಸಿಲರೇಟರ್ ಗ್ರಿಪ್ ಬೆರಳಗಲ ಸುಮ್ನೆ ತಿರುಗುತ್ತಿತ್ತು, ಆಮೇಲೆ ಥ್ರಾಟಲ್ ಏಳುತ್ತಿತ್ತು. ಕೇಬಲ್ಲಿಗೆ ಆಯಿಲ್ ಬಿಟ್ಟು, ಸಡಿಲವನ್ನು 3 ಮಿಲಿಮೀಟರಿಗೆ ತಂದೆ. ಚೈನ್ ಜೋತು ಬಿದ್ದಿತ್ತು, ಅದನ್ನೂ ಬಿಗಿ ಮಾಡಿದೆ. ಹೊಸ ಮುಚ್ಚಳ, ಹೊಸ ಫಿಲ್ಟರ್. ಒಂದು ಸುತ್ತು ಹೋಗಿ ಬಂದವನ ಹಲ್ಲೆಲ್ಲ ಕಾಣುತ್ತಿತ್ತು.

ನಿನ್ನೆ ಫೋನ್ ಮಾಡಿದ್ದ. "ಬೈಕ್ ಸೂಪರ್ ಆಗಿದೆ ಅಣ್ಣಾ. ಆ ಸೌಂಡ್ ಮಾತ್ರ ವಾಪಸ್ ಬರುವ ಹಾಗೆ ಮಾಡ್ಬಹುದಾ?"